ಮಡಿಲಿಗೆ ಬಂದ ಚೀಲ

ಬಸ್ಸಿನಲ್ಲಿ ಪ್ರಾಣಿಗಳನ್ನು ಒಯ್ಯಬಾರದು. ನಮ್ಮ ಬೆಳ್ತಂಗಡಿ ಬಸ್ಸಿನಲ್ಲಿ ಹಾಗೆಂದು ಬರೆದ ಬೋರ್ಡಿನ ಕೆಳಗೇ ಅಂಕದ, ಎಂದರೆ ಕಾಳಗದ, ಕೋಳಿಗಳು ಪ್ರಯಾಣ ಮಾಡುತ್ತಿದ್ದವು. ನಾಯಿ, ದನಗಳ ನಡುವೆಯೇ ಬೆಳೆದ ನಾನೂ ಹೀಗೆ ನಿಯಮ ಮುರಿಯುವುದನ್ನು ಒಪ್ಪುತ್ತಿರಲಿಲ್ಲ.

ಒಂದು ದಿನ, ನಿಂತಿದ್ದವರೊಬ್ಬರು ವಾಡಿಕೆಯಂತೆ ತಮ್ಮ ಚೀಲವನ್ನು ಕೂತಿದ್ದ ನನ್ನ ಮಡಿಲಲ್ಲಿಟ್ಟರು. ಪುಂಜಾಲಕಟ್ಟೆಯಲ್ಲಿ ಅದನ್ನು ಬಿಟ್ಟೇ ಇಳಿದುಹೋದರು. ಬಸ್ಸು ಹೊರಟ ಮೇಲೆ ಚೀಲ ಅಲುಗಾಡಿತು. ಒಳಗೆ ಬೆಕ್ಕಿನ ಮರಿ.

“ಬಿಟ್ಟುಹೋಗ್ಲಿಕ್ಕೆಂದೇ ತಂದದ್ದು ಮಾರಾಯ್ರೇ. ಕಿಟಕಿಯಿಂದ ಬಿಸಾಡಿ,” ಎಂದ ಕಂಡಕ್ಟರ್.

“ಹಿಂದೆ ಲಾರಿ ಉಂಟು,” ಎಂದೆ.

“ಪ್ರಾಣಿ ಬಸ್ಸಲ್ಲಿ ಬರಬಾರದು ಅಂತ ದಿನಾ ಹೇಳುವವರು ನೀವೇ ಅಲ್ವಾ ಸರ್?” ಎಂದು ಕೋಳಿ ತಂದಿದ್ದವರೊಬ್ಬರು ನಕ್ಕರು.

ಕಂಡಕ್ಟರ್ ಚೀಲಕ್ಕೆ ಕೈ ಹಾಕಿದ.

“ಮುಟ್ಬೇಡಿ. ಬಸ್ ನಿಲ್ಲಿಸಿ.”

ನಿಯಮ ನಿಯಮವೇ. ಮರಿಯನ್ನು ಎದೆಗೊತ್ತಿಕೊಂಡು ನಡುದಾರಿಯಲ್ಲೇ ಇಳಿದು, ಮನೆಯ ಕಡೆಗೆ ನಡೆದೆ.