ಒಬ್ಬರಿಗೆ ಮಾತ್ರ ಜೀವದಾನ

ಸ್ನೇಹಿತರೇ, ಇವತ್ತು ವಿಜಯನಗರದ ನಮ್ಮ ಮನೆಯಲ್ಲಿ ಒಬ್ಬ ಯೋಧ ಸತ್ತ. ಗಾಬರಿ ಬೇಡ, ಆಟದಲ್ಲಿ.

ಭಾನುವಾರ ನಾವು ದಾಳ ಉರುಳಿಸುತ್ತಾ ಕಥೆಯಾಟ ಆಡುತ್ತೇವೆ. ಒಬ್ಬೊಬ್ಬರಿಗೂ ಒಂದು ಪಾತ್ರ, ಆಟ ನಡೆಸುವವನು ನಾನು. ಗೆಳತಿ ರೇಖಾ ವೈದ್ಯೆ, ಯುದ್ಧದಲ್ಲಿ ಬಿದ್ದವರನ್ನೆಲ್ಲ ಬದುಕಿಸುತ್ತಿದ್ದಳು. ಅವಳ ಗಂಡ ಮಂಜು ಯೋಧ. ಇವತ್ತು ಅವನು ಪಟ್ಟು ಹಿಡಿದ.

"ಹೊಸ ರೂಲ್ ಬುಕ್ ಬಂದಿದೆ ಗುರು. ವೈದ್ಯೆ ಒಂದು ಫೈಟ್‌ಗೆ ಒಬ್ರನ್ನ ಮಾತ್ರ ಬದುಕಿಸ್ಬೇಕು. ಯಾರೂ ಸಾಯ್ದೇ ಇದ್ರೆ ಅದೇನ್ ಯುದ್ಧ?"

"ಇಷ್ಟು ದಿನ ನಿಮ್ಮನ್ನ ಉಳಿಸಿದ್ದೇ ತಪ್ಪಾಯ್ತಾ?" ಎಂದಳು ರೇಖಾ.

ವಾದ ಮುಗಿಯಲಿಲ್ಲ. ಒಮ್ಮೆ ಹೊಸ ನಿಯಮದಲ್ಲೇ ಆಡಿ ನೋಡೋಣ ಎಂದೆ. ಆ ಯುದ್ಧದಲ್ಲಿ ಮಂಜುವಿನ ಯೋಧನೂ ನನ್ನ ತಂಗಿ ಸುಮಾಳ ಬಿಲ್ಲುಗಾರ್ತಿಯೂ ಒಟ್ಟಿಗೆ ಬಿದ್ದರು. ರೇಖಾ ಯೋಚಿಸದೆ ಬಿಲ್ಲುಗಾರ್ತಿಯನ್ನು ಬದುಕಿಸಿದಳು.

"ಲೇ, ನಾನೂ ಬಿದ್ದಿದೀನಿ ಕಣೇ!"

"ಗೊತ್ತು ಕಣ್ರೀ. ಒಬ್ರನ್ನ ಮಾತ್ರ ಅಂದ್ರಲ್ಲ."

ಎರಡು ವರ್ಷ ಆಡಿ ಬೆಳೆಸಿದ ಯೋಧ ಹೋದ. ಮಂಜು ಮೆಲ್ಲಗೆ, "ಹಳೇ ರೂಲೇ ಇರ್ಲಿ ಬಿಡ್ರೋ" ಎಂದ.

"ಬೇಡ, ನಂಗೆ ಹೊಸದೇ ಇಷ್ಟ ಆಯ್ತು" ಎಂದಳು ರೇಖಾ.

ಈಗ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೇರೋಹಳ್ಳಿಯ ತಮ್ಮ ಮನೆಗೆ ಹೊರಟಿದ್ದಾರೆ. ಓಡಿಸುತ್ತಿರುವುದು ರೇಖಾ. ಮಂಜು ಹಿಂದೆ ಕೂತು ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದಾನೆ.