ಶುಲ್ಕದಲ್ಲಿ ಸೇರಿದ್ದ ನೀಮಾ

ಸ್ನಾನ ಮುಗಿಸಿ ಹೊರಗೆ ಬಂದರೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಅಂಗಳದಲ್ಲಿ ನನ್ನ ಲಂಗ ಒಗೆಯುತ್ತಿದ್ದಳು. ನಮ್ಮ ಹಾಗೆ ಕುಕ್ಕರುಗಾಲಲ್ಲಿ ಕೂತಿರಲಿಲ್ಲ. ಮಂಡಿ ಬಗ್ಗಿಸದೆ ಸೊಂಟದಿಂದಲೇ ಬಾಗಿ ಬೋಗುಣಿಗೆ ಕೈ ಇಳಿಬಿಟ್ಟು ತಿಕ್ಕುತ್ತಿದ್ದಳು. ಹೊರದೇಶದಲ್ಲಿ ನನ್ನ ಮೊದಲ ಬೆಳಗು ಅದು. ಪ್ರಯಾಣದಲ್ಲಿ ಎರಡು ದಿನ ಉಟ್ಟಿದ್ದ ಲಂಗವನ್ನು ಸುತ್ತಿ ಕೋಣೆಯ ಮೂಲೆಗೆ ಹಾಕಿದ್ದೆ. ನಾನು ಮೈಮೇಲೆ ನೀರು ಸುರಿದುಕೊಳ್ಳುವಷ್ಟರಲ್ಲಿ ಅವಳು ಒಳಗೆ ಹೋಗಿ ಎತ್ತಿಕೊಂಡು ಬಂದಿದ್ದಳು. ಓಡಿಹೋಗಿ ಬೋಗುಣಿಗೆ ಕೈ ಹಾಕಿದೆ. ಅವಳೊಂದು ಕಡೆ ಎಳೆದಳು, ನಾನೊಂದು ಕಡೆ ಎಳೆದೆ. ಲಂಗದ ಲಾಡಿ ಕಿತ್ತು ಅವಳ ಕೈಗೆ ಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಇಷ್ಟು ನಕ್ಕ ಮೇಲೆ ಮುಂದೆ ಕೆಟ್ಟದ್ದೇನಾದೀತು ಎಂದುಕೊಂಡೆ.

ಅವಳ ಹೆಸರು ನೀಮಾ. ಈಗ ಕೊರಟಗೆರೆ, ಪಾವಗಡ ಕಡೆಯ ಮೇಷ್ಟರುಗಳು, ಮೇಡಂಗಳು ನನಗೆ ಫೋನ್ ಮಾಡುತ್ತಾರೆ. "ಹೊರದೇಶಕ್ಕೆ ಸೇವೆಗೆ ಹೋಗ್ಬೇಕು ಅಂದ್ರೆ ಅಷ್ಟೊಂದು ಶುಲ್ಕ ಕೇಳ್ತಾರಲ್ಲ, ಅದ್ರಲ್ಲಿ ಏನೇನು ಬರುತ್ತೆ ಮೇಡಂ?" ಎಂಬುದೇ ಎಲ್ಲರ ಪ್ರಶ್ನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ಆದ್ದರಿಂದ ಬರೆದುಬಿಡುತ್ತಿದ್ದೇನೆ.

ನಾನು ಮಧುಗಿರಿ ತಾಲ್ಲೂಕಿನ ಪುರವರದವಳು, ಭಾಗ್ಯ. ಶಿರಾದ ಖಾಸಗಿ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟೆ. ಮದುವೆ ಕೂಡಿ ಬರಲಿಲ್ಲ, ನಾನೂ ಹೆಚ್ಚು ಹಂಬಲಿಸಲಿಲ್ಲ. ಆಫ್ರಿಕಾದ ತಾಂಜಾನಿಯಾ ದೇಶದ ದೊಡೋಮಾ ಎಂಬ ಊರಿನ ಹತ್ತಿರದ ಶಾಲೆಯಲ್ಲಿ ಆರು ತಿಂಗಳು ಪಾಠ ಮಾಡಲು ಸ್ವಯಂಸೇವಕರು ಬೇಕು, ಶುಲ್ಕ ಇಂತಿಷ್ಟು ಎಂಬ ಪ್ರಕಟಣೆ ಕಂಡಾಗ ನನಗೆ ಹುಚ್ಚು ಹಿಡಿಯಿತು. ಅವ್ವ ಮಾತ್ರ ಮೂಗಿನ ಮೇಲೆ ಬೆರಳಿಟ್ಟಳು.

"ದುಡ್ಡೂ ಕೊಟ್ಟು ಕೆಲ್ಸಾನೂ ಮಾಡ್ಬೇಕಾ? ಇದ್ಯಾವ್ ಸೀಮೆ ಜೀತ ಕಣಮ್ಮ!"

ಸಂಸ್ಥೆಯವರು ಕಳಿಸಿದ ಹಾಳೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಶುಲ್ಕದಲ್ಲಿ ಸೇರಿರುವುದು. ಇನ್ನೊಂದು, ಸೇರದೆ ಇರುವುದು. ನಮ್ಮ ಕಡೆಯವರು ಯಾವುದನ್ನು ಓದುತ್ತೇವೆ ಹೇಳಿ? ಎರಡನೆಯದನ್ನೇ. ವಿಮಾನದ ಟಿಕೆಟ್, ವೀಸಾ, ಹಳದಿ ಜ್ವರದ ಚುಚ್ಚುಮದ್ದು, ವಿಮೆ ಎಲ್ಲ ನಮ್ಮ ತಲೆಗೇ. ಅದನ್ನು ಅಡಿಗೆರೆ ಎಳೆದೆಳೆದು ಓದಿ, ಎಲ್ಲಿ ಟೋಪಿ ಬೀಳುತ್ತದೋ ಎಂದು ಮೂರು ಸಲ ಫೋನ್ ಮಾಡಿ ಕೇಳಿದೆ. ಸೇರಿರುವ ಪಟ್ಟಿಯ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ವಿಮಾನ ನಿಲ್ದಾಣದಿಂದ ಕರೆತರುವುದು, ಒಂದು ಮನೆಯಲ್ಲಿ ಕೋಣೆ, ಮೂರು ಹೊತ್ತು ಊಟ, ಇತ್ಯಾದಿ ಇತ್ಯಾದಿ. ಹೇಗೂ ಕೊಟ್ಟಾಗಿದೆ, ಉಳಿದದ್ದೆಲ್ಲ ಬಡ ಶಾಲೆಗೆ ಹೋಗುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಹಾಗೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ದೊಡೋಮಾ ನನ್ನನ್ನು ಬೆಚ್ಚಿಬೀಳಿಸಿದ್ದು ಹೊಸದಾಗಿ ಕಂಡು ಅಲ್ಲ, ಹಳೆಯದಾಗಿ ಕಂಡು. ಅದೇ ಕೆಂಪು ಧೂಳು, ಅದೇ ಜಾಲಿ, ನೆಲಗಡಲೆ, ಎತ್ತ ತಿರುಗಿದರೂ ಬೋಳು ಬಂಡೆ. ಮಧುಗಿರಿ ಬೆಟ್ಟದ ಮುಂದೆ ಅವೆಲ್ಲ ಮರಿಗಳೇ, ಆದರೂ ನೆಂಟರು ನೆಂಟರೇ. ಗಾಳಿ ಮಾತ್ರ ಥೇಟ್ ಪಾವಗಡದ್ದು. ಊಟಕ್ಕೆ ಉಗಾಲಿ. ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಬೇಯಿಸಿದ ದಂಟಿನ ಸೊಪ್ಪು. ಅವರು ಅದನ್ನು ಅಗಿದು ತಿನ್ನುತ್ತಾರೆ. ನಾನು ನಮ್ಮೂರ ಪದ್ಧತಿಯಂತೆ ಗುಳುಂ ಎಂದು ನುಂಗಿದಾಗ ಮನೆಯೊಡತಿ ಮಾಮಾ ಬರಾಕಾ ನನ್ನ ಬೆನ್ನು ಗುದ್ದಲು ಎದ್ದು ಬಂದಿದ್ದಳು, ಗಂಟಲಿಗೆ ಸಿಕ್ಕಿಕೊಂಡಿತೆಂದು. ಮಾಮಾ ಬರಾಕಾ ಎಂದರೆ ಬರಾಕಾನ ತಾಯಿ. ಇಲ್ಲಿ ಹೆಂಗಸರನ್ನು ಮೊದಲ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ.

ಭಾಷೆ ಸ್ವಾಹಿಲಿ. ಶಿರಾದಲ್ಲಿ ಹದಿನಾಲ್ಕು ವರ್ಷ ಉರ್ದು ಕಿವಿಗೆ ಬಿದ್ದದ್ದು ಅಲ್ಲಿ ಕೈ ಹಿಡಿಯಿತು. ಅಂಗಡಿ ಎಂದರೆ ದುಕಾ, ಪುಸ್ತಕಕ್ಕೆ ಕಿತಾಬು, ಸೋಪಿಗೆ ಸಾಬುನಿ, ನನ್ನ ಗಣಿತಕ್ಕೆ ಹೆಸಾಬು. ಗಂಟೆಯ ಲೆಕ್ಕ ಮಾತ್ರ ಕೈ ಕೊಟ್ಟಿತು. ಅಲ್ಲಿ ಹೊತ್ತು ಹುಟ್ಟಿದಾಗಿನಿಂದ ಎಣಿಸುತ್ತಾರೆ, ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಎರಡು ಗಂಟೆಗೆ ತರಗತಿ ಎಂದಿದ್ದಕ್ಕೆ ನಾನು ಮಧ್ಯಾಹ್ನದ ಊಟ ಮಾಡಿಕೊಂಡು ಶಾಲೆಗೆ ಹೋದೆ. ಮಕ್ಕಳು ಬೆಳಗ್ಗೆ ಎಂಟರಿಂದ ಕಾದು ಮನೆಗೆ ಹೋಗಿದ್ದರು. ಮರುದಿನ "ಶಿಕಮೋ, ಮ್ವಾಲಿಮು" ಎಂದು ಎದ್ದು ನಿಂತರು. ದೊಡ್ಡವರಿಗೆ ಹೇಳುವ ನಮಸ್ಕಾರ ಅದು, ಮ್ವಾಲಿಮು ಎಂದರೆ ಮೇಷ್ಟರು. ಭಾನುವಾರ ಮನೆಯವರೆಲ್ಲ ಚರ್ಚಿಗೆ ಹೋದಾಗ ಮಾತ್ರ ಎದೆ ಖಾಲಿ ಖಾಲಿ ಎನ್ನಿಸಿ ಅವ್ವನಿಗೆ ಫೋನ್ ಮಾಡಿ ಸುಮ್ಮನೆ ಅಳುತ್ತಿದ್ದೆ.

ಈಗ ಬಟ್ಟೆಯ ವಿಷಯಕ್ಕೆ ಬರಬೇಕು. ನಮ್ಮದು ಪುರವರದ ಹೊರಗಿನ ಕೇರಿ. ಅಪ್ಪ ಬೌದ್ಧ ಧರ್ಮಕ್ಕೆ ಸೇರಿದ ಮೇಲೆ ನಮ್ಮ ಗೋಡೆಯ ಮೇಲಿನ ಪಟಗಳು ಬದಲಾದವು, ಅವ್ವನ ಕೆಲಸ ಬದಲಾಗಲಿಲ್ಲ. ಊರೊಳಗಿನವರ ಹಿತ್ತಲುಗಳಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಕಾಫಿ ಕೊಡುವ ಲೋಟ ಬೇರೆ ಇರುತ್ತಿತ್ತು, ಅದನ್ನು ಅವಳೇ ತೊಳೆದು ಕಾಂಪೌಂಡಿನ ಮೇಲೆ ಬೋರಲು ಹಾಕಿ ಬರಬೇಕಿತ್ತು. ನಾನು ದುಡಿಯುವಂತಾದ ದಿನವೇ ನಿರ್ಧರಿಸಿದ್ದೆ, ನನ್ನ ಕೊಳೆಯನ್ನು ಇನ್ನೊಬ್ಬ ಹೆಂಗಸಿನ ಕೈಗೆ ಹಾಕಬಾರದು. ಇದು ನನ್ನ ಹೆಮ್ಮೆ. ಇವತ್ತಿಗೂ ಆ ಹೆಮ್ಮೆ ತಪ್ಪೆಂದು ನನಗೆ ಪೂರ್ತಿ ಅನ್ನಿಸುವುದಿಲ್ಲ, ಅದೇ ಕಷ್ಟ.

ನೀಮಾ ಮಂಗಳವಾರ, ಶುಕ್ರವಾರ ಬರುತ್ತಿದ್ದಳು. ಮಾಮಾ ಬರಾಕಾಳ ಬಡ ನೆಂಟಳಿರಬೇಕು, ಋಣಕ್ಕೆ ಬಿದ್ದು ಬಿಟ್ಟಿ ಮಾಡುತ್ತಾಳೆ ಎಂದುಕೊಂಡೆ. ನಮ್ಮ ಕಡೆ ಇಂಥ ನೆಂಟರಿಗೆ ಬರವೇ? ಅವಳು ಬರುವುದಕ್ಕೆ ಮುಂಚೆಯೇ ಎದ್ದು ನನ್ನ ಬಟ್ಟೆ ಒಗೆದು ಹರವಿಬಿಡುತ್ತಿದ್ದೆ. ಅವಳು ಬಂದು ಹಗ್ಗದ ಮೇಲಿನ ಬಟ್ಟೆ ನೋಡಿ "ಪೋಲೆ, ಮ್ವಾಲಿಮು" ಎನ್ನುತ್ತಿದ್ದಳು. ನಿಮಗೆ ಕಷ್ಟವಾಯಿತಲ್ಲ, ಪಾಪ, ಎಂದು ಅದರ ಅರ್ಥ. ಅದನ್ನು ನಾನು ಶಭಾಸ್‌ಗಿರಿ ಎಂದು ತಿಳಿದೆ. ಅದೇ ಮನೆಯಲ್ಲಿ ಜರ್ಮನಿಯ ಇಬ್ಬರು ಹುಡುಗಿಯರಿದ್ದರು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಅವರಿಗೂ ಬೋಧನೆ ಮಾಡಿದೆ. ಅವರೂ ಒಗೆಯತೊಡಗಿದರು. ಮಾಮಾ ಬರಾಕಾ ನಕ್ಕು ಅಲ್ಲಿಯ ಗಾದೆಯೊಂದನ್ನು ಹೇಳಿದಳು: ಅತಿಥಿ ಎರಡು ದಿನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು. ನಾನು ಕೇಳದೆಯೇ ಗುದ್ದಲಿ ಎತ್ತಿಕೊಂಡವಳು ಎಂದು ಬೀಗಿದೆ.

ಒಂದು ಭಾನುವಾರ ನೀಮಾ ತನ್ನ ಮನೆ ತೋರಿಸಲು ಕರೆದೊಯ್ದಳು. ಹಸಿ ಇಟ್ಟಿಗೆಯ ಎರಡು ಕೋಣೆ, ಎದೆಮಟ್ಟ ದಾಟಿ ಗೋಡೆ ಎದ್ದಿತ್ತು. ಗಂಡ ಬಿಟ್ಟುಹೋದ ಮೇಲೆ ತಾನೇ ಇಟ್ಟಿಗೆ ಹೊಯ್ದು ಕಟ್ಟಿದ್ದಂತೆ. ಒಳಗೆ ಗೋಡೆಗೆ ಒರಗಿಸಿದ ತಗಡಿನ ಶೀಟುಗಳು. ಒಂದೊಂದಾಗಿ ಕೊಳ್ಳುತ್ತಿದ್ದಳು. ಡಿಸೆಂಬರ್ ಮಳೆಗೆ ಮುಂಚೆ ಮೇಲೆ ತಗಡು ಬಿದ್ದರೆ ಮನೆ, ಬೀಳದಿದ್ದರೆ ಮಣ್ಣು ಎಂದು ಕೈಸನ್ನೆಯಲ್ಲಿ ತೋರಿಸಿದಳು. ನಾನು ಗೋಡೆಯನ್ನು ತಟ್ಟಿ ನೋಡಿ ಬಾಗಿಲು ಉತ್ತರಕ್ಕಿಡು ಎಂದು ಸಲಹೆ ಕೊಟ್ಟು ಬಂದೆ. ತಗಡಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಗಣಿತದ ಟೀಚರು ನಾನು!

ಅಕ್ಟೋಬರ್ ಹೊತ್ತಿಗೆ ನೀಮಾ ಬರುವುದು ನಿಂತಿತು. ದಾರ್ ಎಸ್ ಸಲಾಮ್ ಪಟ್ಟಣಕ್ಕೆ ಹೋದಳಂತೆ ಎಂದಷ್ಟೇ ಮಾಮಾ ಹೇಳಿದಳು. ಸಂತೋಷಪಟ್ಟೆ, ಬಿಟ್ಟಿ ಚಾಕರಿ ತಪ್ಪಿತಲ್ಲ ಎಂದು.

ಡಿಸೆಂಬರಿನಲ್ಲಿ ಆರು ತಿಂಗಳು ಮುಗಿಯಿತು. ಸಂಸ್ಥೆಯ ಸಂಯೋಜಕ ಒಂದು ಅಭಿಪ್ರಾಯದ ಹಾಳೆ ತಂದುಕೊಟ್ಟ. ಊಟ, ಕೋಣೆ, ಸಾರಿಗೆ, ಒಂದೊಂದರ ಮುಂದೆಯೂ ಉತ್ತಮ, ಸಾಧಾರಣ, ಕಳಪೆ ಎಂದು ಗುರುತು ಹಾಕಬೇಕು. ನಾಲ್ಕನೆಯ ಸಾಲು, ಬಟ್ಟೆ ಒಗೆಯುವ ಸೇವೆ, ವಾರಕ್ಕೆ ಎರಡು ಬಾರಿ.

"ಇದ್ಯಾವ ಸೇವೆ?" ಎಂದೆ.

"ನೀವು ಬೇಡ ಎಂದಿರಲ್ಲ, ಅದೇ," ಎಂದ ಅವನು. "ನಿಮ್ಮ ಶುಲ್ಕದಲ್ಲಿ ಅದೂ ಸೇರಿತ್ತು. ಮೂವರೂ ಬೇಡ ಎಂದ ಮೇಲೆ ನೀಮಾಳಿಗೆ ಕೊಡುವುದು ನಿಲ್ಲಿಸಿದೆವು. ಉಪಯೋಗಿಸದ ಸೇವೆಗೆ ಸಂಬಳ ಹೇಗೆ ಕೊಡುವುದು?"

ಕೋಣೆಗೆ ಓಡಿ ಪೆಟ್ಟಿಗೆಯ ತಳದಿಂದ ಹಳೆಯ ಹಾಳೆ ತೆಗೆದೆ. ಇತ್ತು. ಊಟದ ಕೆಳಗೆ, ನನ್ನ ಇತ್ಯಾದಿಯ ಜಾಗದಲ್ಲಿ, ಇತ್ತು. ಮಾಮಾ ಬರಾಕಾಳನ್ನು ಕೇಳಿದೆ, ನೀನಾದರೂ ಹೇಳಬಾರದಿತ್ತೆ ಎಂದು. "ಅತಿಥಿಗೆ ನಿನ್ನ ಬಟ್ಟೆ ಕೊಡು ಎಂದು ಹೇಗೆ ಹೇಳಲಿ? ಏನೋ ನಿಮ್ಮ ಧರ್ಮವಿರಬೇಕು ಎಂದುಕೊಂಡೆ," ಎಂದಳು. ಮಳೆ ಶುರುವಾಗಿ ಹತ್ತು ದಿನವಾಗಿತ್ತು. ಸಂಜೆ ನೀಮಾಳ ಮನೆಯ ಕಡೆ ನಡೆದೆ. ಗೋಡೆಗಳು ಮೊಣಕಾಲುಮಟ್ಟಕ್ಕೆ ಕರಗಿ ಕೂತಿದ್ದವು. ತಗಡುಗಳನ್ನು ಹೋಗುವಾಗ ಬಸ್ಸಿನ ಖರ್ಚಿಗೆ ಮಾರಿದಳು ಎಂದು ಪಕ್ಕದವರು ಹೇಳಿದರು.

ಇದರ ಮೇಲೆ ಇನ್ನೊಂದು. ಮುಂದಿನ ವರ್ಷದ ಪ್ರಕಟಣೆಯಲ್ಲಿ ಸಂಸ್ಥೆಯವರು ಬಟ್ಟೆಯ ಸಾಲನ್ನೇ ತೆಗೆದು, 'ಸ್ಥಳೀಯರಂತೆ ಬದುಕಿ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ' ಎಂದು ಹಾಕಿದರು. ಶುಲ್ಕ ಒಂದು ಬಿಡಿಗಾಸೂ ಇಳಿಯಲಿಲ್ಲ. ಪಕ್ಕದಲ್ಲಿ ಫೋಟೋ. ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಲ್ಲು ಕಿರಿಯುತ್ತಿರುವವಳು ನಾನೇ. ಶಿರಾದ ನನ್ನ ಹಳೆಯ ಸಹೋದ್ಯೋಗಿಗಳೆಲ್ಲ ಅದನ್ನು ಹಂಚಿಕೊಂಡು ಹೊಗಳಿದ್ದೇ ಹೊಗಳಿದ್ದು.

ನಾನು ಪಾಠ ಮಾಡಿದ ಶಾಲೆಯವರಿಗೆ ಗಣಿತದವರು ಬೇಕಿತ್ತು, ನನ್ನನ್ನೇ ಸಂಬಳ ಕೊಟ್ಟು ಇರಿಸಿಕೊಂಡರು. ಈಗ ಮೂರನೆಯ ವರ್ಷ. ಬಾಡಿಗೆಯ ಕೋಣೆ, ಸ್ಟವ್ವು, ಅಂಚೆಯಲ್ಲಿ ಬರುವ ರಾಗಿಹಿಟ್ಟು. ಮೊದಲ ಸಂಬಳ ಬಂದ ದಿನ ನೀಮಾಳ ನಂಬರು ಹುಡುಕಿ ಫೋನ್ ಮಾಡಿದೆ. ದಾರ್‌ನಲ್ಲಿ ಒಂದು ಮನೆಯಲ್ಲೇ ಉಳಿದು ಕೆಲಸಕ್ಕಿದ್ದಳು. ನನ್ನ ದನಿ ಗುರುತು ಹಿಡಿದು ಶಿಕಮೋ ಎಂದಳು.

"ನೀಮಾ, ನಿನಗೆ ಸಂಬಳ ಬರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ," ಎಂದೆ.

"ನಾನು ಒಗೆದದ್ದು ನಿಮಗೆ ಶುದ್ಧ ಎನ್ನಿಸಲಿಲ್ಲ ಎಂದುಕೊಂಡಿದ್ದೆ, ಮ್ವಾಲಿಮು. ಒಳ್ಳೆಯ ಸಾಬುನಿ ಕೂಡ ತಂದಿಟ್ಟಿದ್ದೆ."

ನನ್ನ ಅವ್ವನ ಲೋಟ ಕಣ್ಣ ಮುಂದೆ ಬಂತು. ವಾಪಸ್ ಬಾ, ನನ್ನ ಕೋಣೆಯ ಕೆಲಸ ನೋಡಿಕೊ, ಗೋಡೆ ಮತ್ತೆ ಎಬ್ಬಿಸೋಣ, ತಗಡು ನಾನು ಕೊಡಿಸುತ್ತೇನೆ ಎಂದು ಏನೇನೋ ತೊದಲಿದೆ. ಅವಳು ಬಹಳ ಮರ್ಯಾದೆಯಿಂದ ಬೇಡ ಎಂದಳು. ಆಮೇಲೆ ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಮರ್ಯಾದೆ.

ಹೋದ ಜೂನ್ ರಜೆಯಲ್ಲಿ ಪುರವರಕ್ಕೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಅವರೆಕಾಳು ಆರಿಸುತ್ತ ಕೂತಿದ್ದಳು. ಬೈಯುತ್ತಾಳೆ, ಇಲ್ಲವೇ ಹೋಗಲಿ ಬುಡು ಎಂದು ಸಮಾಧಾನ ಹೇಳುತ್ತಾಳೆ ಎಂದು ಕಾದೆ.

"ವಾಪಸ್ ಕರೆದ್ಯಾ ಅವ್ಳನ್ನ?" ಎಂದಳು.

"ಕರೆದೆ ಅವ್ವ. ಬರಲ್ಲ ಅಂದ್ಲು."

"ಬರಲ್ಲ ಬುಡು. ನನ್ನೂ ಕರೆದ್ರು, ನಾನು ಹೋಗ್ಲಿಲ್ಲ."

ಯಾರು ಕರೆದರು ಎಂದು ಕೇಳಿದ್ದಕ್ಕೆ, ನಾನು ಏಳನೆಯ ಕ್ಲಾಸಿನಲ್ಲಿದ್ದಾಗಿನ ಮಾತು ತೆಗೆದಳು. ಇಷ್ಟು ವರ್ಷ ನನಗೆ ಹೇಳಿರಲಿಲ್ಲ.

"ಮೇಷ್ಟ್ರ ಹೆಂಡ್ತಿ ಇರ್ಲಿಲ್ವಾ, ಭಾಳ ಒಳ್ಳೇವ್ಳು ಕಣಮ್ಮ. ಒಂದಿನ ಕೈ ಮುಗ್ದು, 'ಲಕ್ಷ್ಮಮ್ಮ, ನಿಮ್ ಕೈಲಿ ನಮ್ ಬಟ್ಟೆ ಒಗ್ಸೋದು ತಪ್ಪು ಅಂತ ಯಜಮಾನ್ರು ಅಂದ್ರು. ನಾಳೆಯಿಂದ ನಮ್ದು ನಾವೇ ಒಗ್ಕೊತೀವಿ' ಅಂದ್ಲು. ಅವ್ರಿಗೆ ಪುಣ್ಯ ಬಂದಿರ್ಬೇಕು. ನಾನು ಕಲ್ಲು ಒಡೆಯಕ್ಕೆ ಹೋದೆ. ಆಮ್ಯಾಕೆ ಅವ್ರಿಗೇ ಕೈಲಾಗ್ದೆ ಕರಿಯಕ್ಕೆ ಬಂದ್ರು."

"ಕೂಲಿ ಇತ್ತಲ್ಲ ಅವ್ವ, ಯಾಕೆ ಹೋಗ್ಲಿಲ್ಲ?"

"ಹೆಂಗೆ ಹೋಗ್ಲಿ? ನನ್ ಕೆಲ್ಸಾನೇ ತಪ್ಪು ಅಂದ್ಬುಟ್ಟಿದ್ರಲ್ಲ."

ಅಷ್ಟು ಹೇಳಿ ಮತ್ತೆ ಕಾಳು ಆರಿಸತೊಡಗಿದಳು. ಎದುರಿಗೆ ಕೂತಿದ್ದ ನಾನು ಅವಳ ಮಗಳೋ, ಆ ಮೇಷ್ಟ್ರ ಹೆಂಡತಿಯೋ ನನಗೇ ತಿಳಿಯಲಿಲ್ಲ. ಜುಲೈನಲ್ಲಿ ಶಾಲೆ ತೆರೆಯಿತು, ದೊಡೋಮಾಕ್ಕೆ ಬಂದೆ. ಪುರವರದಲ್ಲಿ ನನ್ನನ್ನು ನಮ್ಮ ಭಾಗ್ಯ ಎನ್ನುತ್ತಾರೆ, ಇಲ್ಲಿ ನಮ್ಮ ಮ್ವಾಲಿಮು ಎನ್ನುತ್ತಾರೆ. ಎರಡೂ ಕಡೆಯವರು ಪ್ರೀತಿಯಿಂದಲೇ ಅನ್ನುತ್ತಾರೆ. ನೀಮಾ ಒಬ್ಬಳು ಬರೀ ಮ್ವಾಲಿಮು ಎನ್ನುತ್ತಾಳೆ, ನಮ್ಮ ಎನ್ನುವುದಿಲ್ಲ, ಮತ್ತು ಅವಳು ಅಂದಿದ್ದರೆ ಮಾತ್ರ ನಾನು ನಂಬುತ್ತಿದ್ದೆ.