ಅಕ್ಕನ ಕುಡ್ಲು

ಹೋದ ವಾರ ಅರಣ್ಯ ಇಲಾಖೆಯವರು ನಮ್ಮ ತೆಂಗಿನ ತೋಟದ ಬದುವಿನಲ್ಲಿ ಚಿರತೆಗೆ ಬೋನು ತಂದಿಟ್ಟು ಹೋದರು. ಊರಲ್ಲಿ ಎರಡು ನಾಯಿ ಕಾಣೆಯಾಗಿವೆ. ಮನುಷ್ಯರ ತಂಟೆಗೇನೂ ಬಂದಿಲ್ಲ. ಬೋನಿನ ಒಳಗೆ ಕಂಬಿಯ ಆಚೆ ಒಂದು ಮೇಕೆಮರಿ ಕಟ್ಟಿದ್ದಾರೆ. ನೋಡೋಣ ಅಂತ ಹತ್ತಿರ ಹೋದೆ. ತುಕ್ಕು ಹಿಡಿದ ಕಬ್ಬಿಣ, ಮೇಕೆಯ ಗಂಜಲ, ಅದರ ಅಡಿಯಲ್ಲೆಲ್ಲೋ ಹಳೇ ರಕ್ತದ ಕಮಟು... ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಮ್ಮಕ್ಕ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ದಂಡಿಗನಹಳ್ಳಿ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬರುವ ಹೊತ್ತಿಗೆ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಗೋಡೆಯ ಆಚೆ ಅವಳು, ಈಚೆ ನಾನು. ಅವಳು ಮಾತು ಕಮ್ಮಿ, ನನ್ನದು ಬಾಯಿ ಜೋರು. ಅವಳ ತವರು ಅರಕಲಗೂಡು ಕಡೆ, ಹೊಗೆಸೊಪ್ಪು ಬೆಳೆಯುವ ಊರು. ಮದುವೆಯಾಗಿ ಬರುವಾಗ ಅವಳ ತಾಯಿ ತಾನು ಹಿಡಿಯುತ್ತಿದ್ದ ಕುಡ್ಲನ್ನೇ ಕೈಗೆ ಕೊಟ್ಟು ಕಳಿಸಿದ್ದರಂತೆ. ಚಿನ್ನ ಕೊಡೋ ಜಾಗದಲ್ಲಿ ಕುಡ್ಲು ಕೊಟ್ಟಳಲ್ಲ ಅಂತ ನಮ್ಮತ್ತೆ ಸಾಯುವ ತನಕ ಆಡಿಕೊಂಡರು. ಚೆನ್ನಾಗಿ ಬಾಗಿದ ಅಲಗು, ಹುಣಸೆ ಕಟ್ಟಿಗೆಯ ಹಿಡಿ, ಹಿಡಿಗೆ ಹಳೇ ಸೀರೆಯ ಚಿಂದಿ. ಹುಲ್ಲಿಗೆ ಹೋಗುವ ನಮ್ಮ ಹೆಂಗಸರ ಗುಂಪಿನಲ್ಲಿ ಎಲ್ಲರದೂ ಸಂತೆಯ ಕುಡ್ಲು, ಅವಳದು ಮಾತ್ರ ಬೇರೆ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನನಗೂ ಇಲ್ಲ.

ಭಾವ ಹೊಡೆಯುತ್ತಿದ್ದ. ಇದನ್ನು ಸುತ್ತಿಬಳಸಿ ಹೇಳೋಕೆ ನನಗೆ ಬರಲ್ಲ. ಏಕವಚನದಲ್ಲಿ ಬರೆಯುತ್ತಿದ್ದೀನಿ ಅಂತ ಬೇಜಾರು ಮಾಡ್ಕೋಬೇಡಿ, ಬಹುವಚನ ಕೈಗೆ ಬರುತ್ತಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಎಮ್ಮೆ ಹಾಲು ಕಮ್ಮಿ ಕೊಟ್ಟರೆ ಹೊಡೆತ, ಇಸ್ಪೀಟಿನಲ್ಲಿ ಸೋತು ಬಂದರಂತೂ ಕೇಳೋದೇ ಬೇಡ. ಬಾರುಕೋಲು, ಸೌದೆ, ಒಲೆಯೊಳಗಿನ ಕೊಳ್ಳಿ... ಕೈಗೆ ಸಿಕ್ಕಿದ್ದು. ಮುಖಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ, ಊರಿಗೆ ಕಾಣುತ್ತಲ್ಲ. ಗೋಡೆಯಾಚೆ ಸದ್ದು ಕೇಳಿದರೆ ನಾನು ಹಿತ್ತಲಿಂದ ನುಗ್ಗಿ, 'ಬುಡಿ ಭಾವ, ಸತ್ತೋದಾಳು' ಅಂತ ಕೂಗಾಡುತ್ತಿದ್ದೆ. ನನ್ನ ಮೇಲೂ ಕೈ ಎತ್ತುತ್ತಿದ್ದ. ನನ್ನ ಗಂಡ ಅಡ್ಡ ಬಂದು ತಾನೂ ತಿನ್ನುತ್ತಿದ್ದ. ಅಕ್ಕ ಅಳುತ್ತಿರಲಿಲ್ಲ. ಮಾರನೆಯ ದಿನ ಮೊಣಕೈ ದಾಟಿದ ತೋಳಿನ ರವಿಕೆ ಹಾಕಿಕೊಂಡು, ಕುಡ್ಲು ಸೊಂಟಕ್ಕೆ ಸಿಕ್ಕಿಸಿ ಹುಲ್ಲಿಗೆ ಹೊರಟುಬಿಡುತ್ತಿದ್ದಳು.

ಎಷ್ಟೋ ವರ್ಷದ ಹಿಂದೆ ಒಂದು ಸಾಯಂಕಾಲ, ನೀರಿನ ಚಾನಲ್ ಏರಿ ಮೇಲೆ ನಾವೆಲ್ಲ ಹುಲ್ಲು ಕೊಯ್ಯುತ್ತಿದ್ದೆವು. ಅಕ್ಕ ಸ್ವಲ್ಪ ದೂರದಲ್ಲಿ, ಲಂಟಾನದ ಪೊದೆಯ ಮಗ್ಗುಲಲ್ಲಿ ಬಗ್ಗಿದ್ದಳು. ಬಗ್ಗಿದವರನ್ನು ಚಿರತೆ ಕರು ಅಂದುಕೊಳ್ಳುತ್ತೆ ಅಂತ ಆಮೇಲೆ ಫಾರೆಸ್ಟ್ ಗಾರ್ಡು ಹೇಳಿದ. ಪೊದೆ ಅಲ್ಲಾಡಿದ್ದು ನೋಡಿದೆ, ಅಷ್ಟೇ. ಹಳದಿ ಏನೋ ಹಾರಿ ಅವಳ ಬೆನ್ನ ಮೇಲೆ ಬಿತ್ತು. ಎರಡೂ ಜೀವ ಏರಿಯಿಂದ ಉರುಳಿಕೊಂಡು ಕೆಳಗಿನ ಗದ್ದೆಗೆ ಹೋದವು. ಮಿಕ್ಕವರು ಹುಲ್ಲು, ಕುಡ್ಲು ಎಲ್ಲಾ ಬಿಸಾಕಿ ಊರ ಕಡೆ ಓಡಿದರು. ನಾನು ಕಲ್ಲು ಹೆಕ್ಕಿಕೊಂಡು ಕೂಗುತ್ತಾ ಇಳಿದೆ. ಎಸೆದರೆ ಯಾರಿಗೆ ಬೀಳುತ್ತೋ ಗೊತ್ತಿಲ್ಲ.

ಚಿರತೆಯ ಬಾಯಿ ಅವಳ ಎಡ ಭುಜದಲ್ಲಿತ್ತು, ಉಗುರು ಬೆನ್ನಿನಲ್ಲಿ. ಅಕ್ಕ ಕೂಗಲಿಲ್ಲ. ಬಲಗೈಯಲ್ಲಿ ಕುಡ್ಲು ಹಾಗೇ ಇತ್ತು. ಹೆಗಲ ಮೇಲಿಂದ ತಿರುವಿ ಅದರ ಮುಖಕ್ಕೆ ಸಿಕ್ಕಿಸಿ ಎಳೆದಳು, ರಾಗಿ ಕೊಯ್ಯುವಾಗ ಎಳೀತೀವಲ್ಲ, ಹಾಗೆ. ಕಿವಿ ಸೀಳಿಹೋಯಿತು. ಮತ್ತೊಂದು ಸಲ ಹಾಕಿದಳು. ಮತ್ತೊಂದು. ಇಬ್ಬರ ರಕ್ತವೂ ಕಲೆತು ಯಾವುದು ಯಾರದು ಅಂತ ತಿಳಿಯುತ್ತಿರಲಿಲ್ಲ. ಅದು ಬಿಟ್ಟು ಒಂದು ಮಾರು ಆಚೆ ನಿಂತು ಅವಳನ್ನೇ ನೋಡಿತು, ಆಮೇಲೆ ಪೊದೆಗೆ ನುಗ್ಗಿತು. ಅಕ್ಕ ಎದ್ದು ಕೂತು ಸೆರಗಿನಲ್ಲಿ ಮೊದಲು ಒರೆಸಿದ್ದು ಕುಡ್ಲನ್ನು.

ಹಾಸನದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದರೆ ಊರಿಗೆ ಊರೇ ಬಾಗಿಲಲ್ಲಿತ್ತು. ಚನ್ನರಾಯಪಟ್ಟಣದಲ್ಲಿ ಒಂದು ಸನ್ಮಾನ, ಹೊಳೆನರಸೀಪುರದಲ್ಲಿ ಒಂದು ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಅಕ್ಕ ಕುರ್ಚಿಯಲ್ಲಿ ಮೈ ಮುದುರಿ ಕೂತಿರುತ್ತಿದ್ದಳು, ಮೈಕು ಹಿಡಿಯುತ್ತಿದ್ದವನು ಭಾವ. 'ಕುಡ್ಲು ಎಂಗೆ ಬೀಸ್ಬೇಕು ಅಂತ ನಾನೇ ಕಲ್ಸಿದ್ದು ಸಾ' ಅಂದ ಮೊದಲ ಸಲ. ಮುಂದಿನ ಸಲ ಹೇಳುವಾಗ ತಾನೂ ಅಲ್ಲೇ ಇದ್ದ. ಅದರ ಮುಂದಿನ ಸಲ ಚಿರತೆಯ ಬಾಲ ಹಿಡಿದು ಎಳೆದಿದ್ದ.

ಕುಡ್ಲನ್ನೂ ಕಿತ್ತುಕೊಂಡ. ತೊಳೆದು ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟ. ಚಿರತೆ ರಕ್ತ ಕುಡಿದ ಕಬ್ಬಿಣ ಅದ್ದಿದ ನೀರು ಕುಡಿಸಿದರೆ ನಿದ್ದೆಯಲ್ಲಿ ಬೆಚ್ಚಿಬೀಳುವ ಮಕ್ಕಳಿಗೆ ವಾಸಿಯಾಗುತ್ತೆ ಅಂತ ಯಾರೋ ಹಬ್ಬಿಸಿದರು. ನುಗ್ಗೇಹಳ್ಳಿಯಿಂದೆಲ್ಲ ಬಸ್ಸು ಹತ್ತಿ ಮಕ್ಕಳನ್ನು ಎತ್ತಿಕೊಂಡು ಬರೋರು. ಭಾವ ಸ್ನಾನ ಮಾಡಿ, ಪಂಚೆ ಉಟ್ಟು, ತಾನೇ ಅದ್ದಿ ಅದ್ದಿ ಕೊಡುತ್ತಿದ್ದ. ಅಕ್ಕ ಅದನ್ನು ಮುಟ್ಟಕೂಡದು ಅಂತ ಅಪ್ಪಣೆಯಾಯಿತು. ಅವಳು ಸಂತೆ ಕುಡ್ಲು ಹಿಡಿದು ಹೋಗಬೇಕಾಯಿತು. ನಾನೊಬ್ಬಳು ಬಿಟ್ಟರೆ ಜೊತೆಗೆ ಯಾರೂ ಇಲ್ಲ. 'ಒಂದ್ಸಲ ಬಾಯಾಕಿದೋರ್ನ ಅದು ಮರೆಯಕಿಲ್ಲ, ವಾಸ್ನೆ ಇಡ್ಕಂಡು ಬತ್ತದೆ' ಅಂತ ಗುಂಪಿನವರು ಅವಳನ್ನು ದೂರ ಇಟ್ಟರು. ಅದೇ ಹೆಂಗಸರು ನಲ್ಲಿ ಹತ್ತಿರ ಸಿಕ್ಕಾಗ, 'ಒಂದ್ಸಲ ಗಾಯ ತೋರ್ಸಮ್ಮಿ' ಅಂತ ಗೋಗರೆಯೋರು. ಅವಳು ಸೆರಗು ಬಿಗಿ ಮಾಡಿಕೊಂಡು ಕೊಡ ಎತ್ತುತ್ತಿದ್ದಳು. ಸನ್ಮಾನ ಆಗಿದ್ದೇ ಆಗಿದ್ದು, ಧಿಮಾಕು ಬಂತು ಅಂದರು.

ಹೊಡೆತ ನಿಂತಿರಬೇಕು ಅಂತ ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ. ಚಿರತೆಯನ್ನೇ ಓಡಿಸಿದವಳ ಮೇಲೆ ಯಾವ ಗಂಡಸು ಕೈ ಎತ್ತುತ್ತಾನೆ? ಎತ್ತಿದ. ಮೊದಲಿಗಿಂತ ಜಾಸ್ತಿಯೇ ಎತ್ತಿದ. 'ಚಿರ್ತೆ ಓಡ್ಸಿದೋಳು ಅಂತ ಕೊಬ್ಬಾ ನಿಂಗೆ' ಅಂತ ಅದನ್ನೇ ಹೇಳಿ ಹೇಳಿ ಹೊಡೆಯುತ್ತಿದ್ದ, ಹೊಲಿಗೆ ಒಣಗದ ಭುಜದ ಮೇಲೇ. ಒಂದು ದಿನ ಎಣ್ಣೆ ಹಚ್ಚುತ್ತಾ, 'ಚಿರ್ತೆ ಮೇಲ್ ಬಿದ್ದಾಗ ಭಯ ಆಗ್ನಿಲ್ವಾ ಅಕ್ಕ' ಅಂತ ಕೇಳಿದೆ.

'ಅದು ಒಂದೇ ಸಲ ಬಂತು ಕಣಮ್ಮಿ' ಅಂದಳು. ರವಿಕೆ ಏರಿಸಿಕೊಳ್ಳುತ್ತಾ, 'ಮಿಕ್ಕಿದ್ದು ಏನಾರ ಆಗ್ಲಿ. ನಮ್ಮವ್ವನ ಕುಡ್ಲು ನಂಗೆ ಬೇಕು' ಅಂದಳು.

ಅದು ಅವಳ ಕೈಗೆ ಬಂದದ್ದು ಒಂದು ಮಧ್ಯಾಹ್ನ. ಹೊಳೆನರಸೀಪುರದ ಕಡೆಯಿಂದ ನೆಂಟರು ಬಂದಿದ್ದರು. ಭಾವ ಬಾಲ ಎಳೆದ ಕಥೆ ಹೇಳುತ್ತಿದ್ದ. ಅಕ್ಕ ಮಜ್ಜಿಗೆ ತಂದಿಟ್ಟು, 'ನೀವು ಅವತ್ತು ಇಸ್ಪೀಟ್ ಆಡ್ತಾ ಕೂತಿದ್ರಿ' ಅಂದಳು. ಇಷ್ಟೇ ಅಂದಿದ್ದು. ನೆಂಟರು ನಕ್ಕರು. ಅವರು ಹೋಗುವ ತನಕ ಭಾವ ತಡೆದುಕೊಂಡ. ಬೈಕಿನ ಸದ್ದು ದೂರವಾದ ಮೇಲೆ ಬಾಗಿಲಿಗೆ ಅಗುಳಿ ಹಾಕಿದ. ಒನಕೆ ಬೀಳುವ ಸದ್ದು ಗೋಡೆ ಈಚೆಗೆ ಕೇಳಿಸಿತು.

ನಾನು ಹಿತ್ತಲಿಂದ ಒಳಗೆ ಬರುವಷ್ಟರಲ್ಲಿ ಅವಳ ಎಡಗೈ ಮುರಿದು ಜೋತುಬಿದ್ದಿತ್ತು. ತೆವಳಿಕೊಂಡು ದೇವರ ಗೂಡಿನ ತನಕ ಹೋಗಿದ್ದಳು. ಗೋಡೆ ಹಿಡಿದು ಎದ್ದು, ಕುಡ್ಲು ತೆಗೆದುಕೊಂಡಳು. ಭಾವ ನಕ್ಕ.

'ಏನೇ, ನಾನೇನು ಚಿರ್ತೆನಾ?'

'ಅಲ್ಲ' ಅಂದಳು. 'ಅದಕ್ಕೆ ಹಸಿವಿತ್ತು.'

ಒನಕೆ ಎತ್ತಿದ ಕೈಗೆ ಕುಡ್ಲು ಸಿಕ್ಕಿಸಿ ಎಳೆದಳು. ಹೆಗಲಿಂದ ಮೊಣಕೈ ತನಕ ಸೀಳಿತು, ಒಳಗಿನ ಬಿಳಿ ಕಂಡಿತು. ದೇವರ ಪಟಗಳಿಗೆಲ್ಲ ರಕ್ತ ಚಿಮ್ಮಿತು. ಒನಕೆ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಭಾವ ಅವ್ವಾ ಅಂತ ಕುಸಿದ. ಅವನ ತೋಳಿಗೆ ಟವೆಲ್ ಬಿಗಿದವಳು ನಾನೇ. ಒಳಗೊಳಗೆ ಸಂತೋಷವಾಯಿತಾ ಅಂತ ಕೇಳಿದರೆ, ಆಯಿತು. ಸುಳ್ಳು ಯಾಕೆ ಹೇಳಲಿ.

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಅಂತ ಕೇಳಿದರು. ಹೆಂಡತಿ ಕೊಯ್ದಳು ಅನ್ನೋಕೆ ಅವನಿಗೆ ಯಾವ ಮುಖ ಇತ್ತು? 'ಚಿರ್ತೆ ಸಾ, ಇಬ್ರ ಮೇಲೂ ಬಿತ್ತು' ಅಂದ. ಗಾಯ ತೊಳೆಯುತ್ತಿದ್ದ ನರ್ಸಮ್ಮ, 'ಯಾವೂರು ಚಿರತೆನಪ್ಪ, ಒಂದೇ ಉಗುರಿಂದು' ಅಂತ ಗೊಣಗಿದರು. ಊರು ಮಾತ್ರ ನಂಬಿತು. ವಾಸನೆ ಹಿಡಿದು ಬತ್ತದೆ ಅಂತ ನಾವು ಹೇಳ್ನಿಲ್ವಾ ಅಂದರು. ಇಲಾಖೆಯವರು ಬೋನಿಟ್ಟರು. ಕೆಲವೇ ದಿನಕ್ಕೆ ಒಂದು ಚಿರತೆ ಬಿತ್ತು. ಅದರ ಒಂದು ಕಿವಿ ಸೀಳಿತ್ತು.

ಜನ ಜಾತ್ರೆಯಾದರು. ಫೋಟೋ ತೆಗೆಯೋರು, ಕೋಲು ತೂರಿಸಿ ತಿವಿಯೋರು. ಅದು ಕಂಬಿಗೆ ಮುಖ ಬಡಿದು ಬಡಿದು ಹಲ್ಲು ಮುರಿದುಕೊಂಡಿತ್ತು, ಬಾಯಿ ತುಂಬ ರಕ್ತ. ಪಟ್ಟಿ ಹಾಕಿದ ಕೈ ಎದೆಗೆ ಒತ್ತಿಕೊಂಡು ಅಕ್ಕ ಬಂದಳು. ಜನ ದಾರಿ ಬಿಟ್ಟರು, ಉಗಿಯುತ್ತಾಳೆ ಅಂತ ಕಾದರು. ಅವಳು ತಿವಿಯುತ್ತಿದ್ದವನ ಕೋಲು ಕಿತ್ತು ಕಾಲಲ್ಲಿ ಮೆಟ್ಟಿ ಮುರಿದಳು. 'ಇದೇನ್ಮಾಡ್ತು ನಿಮ್ಗೆ' ಅಂದಳು. ಲಾರಿ ಬಂದು ಅದನ್ನು ಹೊತ್ತುಕೊಂಡು ಹೋದ ಮೇಲೆ ಏರಿ ಮೇಲೆ ಕೂತು ಅತ್ತಳು. ಅವಳು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಭಾವನ ಬಲಗೈ ಆಮೇಲೆ ಮೇಲೇಳಲಿಲ್ಲ. ಕುಡ್ಲು ದೇವರ ಗೂಡಿಗೆ ವಾಪಸ್ಸು ಹೋಗಲಿಲ್ಲ, ಅಕ್ಕನ ಸೊಂಟದಲ್ಲೇ ಉಳಿಯಿತು. ಎಷ್ಟೋ ವರ್ಷ ನಾವಿಬ್ಬರೇ ಹುಲ್ಲಿಗೆ ಹೋದೆವು... ಹೋದ ವರ್ಷ ಜ್ವರ ಅಂತ ಮಲಗಿದವಳು ಏಳಲಿಲ್ಲ.

ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯಲು ಹೆಂಗಸರು ಬಂದರು, ಆ ಗುಂಪಿನವರೇ. ಸೀರೆ ಮರೆ ಕಟ್ಟಿ ರವಿಕೆ ಬಿಚ್ಚಿದೆವು. ಅಷ್ಟು ವರ್ಷ ಗೋಗರೆದವರು ಬಗ್ಗಿ ನೋಡಿದರು. ಚೊಂಬು ಹಿಡಿದವಳ ಕೈ ಅಲ್ಲೇ ನಿಂತಿತು. ಬೆನ್ನು, ಪಕ್ಕೆ, ತೊಡೆ... ಬಾರುಕೋಲಿನ ಗೆರೆಗಳು, ಕೊಳ್ಳಿಯ ಸುಟ್ಟ ಕಲೆಗಳು, ಒಂದರ ಮೇಲೊಂದು. ಅಂಗೈ ಇಡೋಕೆ ಜಾಗ ಇರಲಿಲ್ಲ. 'ಚಿರ್ತೆ ಇಂಗ್ ಮಾಡಿತ್ತಾ' ಅಂತ ಒಬ್ಬಳು ಪಿಸುಗುಟ್ಟಿದಳು.

ನಾನು ಅಕ್ಕನ ಎಡ ಭುಜದ ಮೇಲೆ ಕೈ ಇಟ್ಟೆ. ಅಲ್ಲಿ ಹಲ್ಲಿನ ಗುರುತು, ಅದರ ಕೆಳಗೆ ಉಗುರಿನ ನಾಲ್ಕು ಗೆರೆ. 'ಚಿರ್ತೇದು ಇಷ್ಟೇ' ಅಂದೆ. 'ಮಿಕ್ಕಿದ್ದೆಲ್ಲ ಮನೇದು.'

ಹೊರಗೆ ಜಗುಲಿಯಲ್ಲಿ ಭಾವ ಯಾರಿಗೋ ಬಾಲ ಎಳೆದ ಕಥೆ ಹೇಳುವುದು ಕೇಳಿಸುತ್ತಿತ್ತು.

ಕುಡ್ಲು ಈಗ ನನ್ನ ಹತ್ತಿರ ಇದೆ. ಇದ್ದಿದ್ದರೆ ಕೊಡುತ್ತಿರಲಿಲ್ಲ ಅವಳು. ಇವತ್ತು ಬೆಳಿಗ್ಗೆ ಅದನ್ನು ಹಿಡಿದು ಒಬ್ಬಳೇ ಹುಲ್ಲಿಗೆ ಹೋದೆ. ಪಕ್ಕದಲ್ಲಿ ಇನ್ನೊಂದು ಕುಡ್ಲಿನ ಸದ್ದಿಲ್ಲದೆ ಕೊಯ್ಯುವುದು ನನಗಿನ್ನೂ ರೂಢಿಯಾಗಿಲ್ಲ. ಬರುವಾಗ ಬೋನಿನ ಮುಂದೆ ನಿಂತು ಮೇಕೆಮರಿಗೆ ಒಂದು ಹಿಡಿ ಹುಲ್ಲು ಹಾಕಿದೆ. ಆಮೇಲೆ ಕುಡ್ಲಿನ ತುದಿಯಿಂದ, ಎತ್ತಿ ನಿಲ್ಲಿಸಿದ್ದ ಬಾಗಿಲ ಕೊಂಡಿ ಎಳೆದೆ. ಬಾಗಿಲು ದಢಾರಂತ ಬಿತ್ತು. ಇನ್ನು ಅದರೊಳಕ್ಕೆ ಯಾವುದೂ ಹೋಗಲ್ಲ. ಗಾರ್ಡು ಬಂದು ಕೇಳಿದರೆ, ಗಾಳಿಗೆ ಬಿತ್ತು ಸಾ ಅಂತೀನಿ. ಚಿರತೆ ಮೇಲೆ ಭಾವ ಒಂದು ಸುಳ್ಳು ಹೇಳಿದ್ದ, ಅಕ್ಕನ ಪರವಾಗಿ ನಾನೂ ಒಂದು ಹೇಳುತ್ತೀನಿ.